ಹೊಳೆಯಾಚೆಯಿಂದ ಹದಡಿಗೆ

ದಾವಣಗೆರೆಯ ನಗರದಿಂದ ದಕ್ಷಿಣಾಭಿಮುಖವಾಗಿ ಹೊರಡುವ ದಾರಿಗೆ ಹದಡಿ ರಸ್ತೆಯೆಂದು ಹೆಸರು. ನಗರವಾಸಿಗಳಲ್ಲಿ ಅನೇಕರು ಈ ದಾರಿಯನ್ನು ಬಲ್ಲರೇ ಹೊರತು, ದಾರಿಗೆ ಹೆಸರನ್ನು ಕೊಟ್ಟ ಗ್ರಾಮವನ್ನು ಕಣ್ಣಾರೆ ಕಂಡವರಲ್ಲ. ಮನೆಗಳ ಸಾಲೂ ಅಂಗಡಿಗಳ ಸಾಲೂ ಮುಗಿದ ಮೇಲೆ ಎರಡು ಪಾರ್ಶ್ವಗಳಲ್ಲಿಯೂ ಬತ್ತದ ಗದ್ದೆಗಳೂ, ಅಡಕೆಯ ತೋಟಗಳೂ, ನಡುನಡುವೆ ಕಬ್ಬಿನ ಹೊಲಗಳೂ ಕಾಣಬರುತ್ತವೆ. ಈ ಹಸುರು ಬಹು ಪುರಾತನವಾದುದೆಂದು ಯಾರೂ ಭಾವಿಸತಕ್ಕುದಲ್ಲ. ಲಕ್ಕವಳ್ಳಿಯ ಬಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟನ್ನು ಕಟ್ಟಿ, ನಾಲೆಯ ನೀರು ಇತ್ತ ಹರಿದುಬಂದ ಮೇಲೆಯೇ, ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಿದ್ದ ಈ ಸೀಮೆಯು ಬತ್ತದ ಸೀಮೆಯಾಯಿತು. ಅಜ್ಜಂದಿರು ಮುಗಿಲನ್ನು ನೋಡಿ ಕಾಲ ಕಳೆದರು. ಮೊಮ್ಮಕ್ಕಳು ತೂಬನ್ನು ನೋಡಿ ಕಾಲ ಕಳೆಯುತ್ತಿದ್ದಾರೆ. ನೀರಿನ ಚಿಂತೆ ಮಾತ್ರ ಇಬ್ಬರಿಗೂ ಒಂದೇ.

ಹದಡಿಯು ದೊಡ್ಡ ಊರಲ್ಲ. ಪ್ರವಾಸಿಗರು ಕೈಯಲ್ಲಿ ಪುಸ್ತಕವನ್ನು ಹಿಡಿದು ಹುಡುಕಿಕೊಂಡು ಬರುವ ಕ್ಷೇತ್ರವೂ ಅಲ್ಲ. ಆದರೂ ಒಂದು ಊರಿನ ಕಥೆಯನ್ನು ತಿಳಿಯಬೇಕಾದರೆ ಅಲ್ಲಿಂದ ಹೊರಟುಹೋದವರನ್ನೂ, ಅವರು ಮರಳಿ ಬರುವಾಗ ಏನನ್ನು ತಂದರೆಂಬುದನ್ನೂ ವಿಚಾರಿಸಬೇಕು. ಈಚೆಗೆ ಈ ಊರಿಗೆ ಸಮುದ್ರದಾಚೆಯಿಂದ ಒಂದು ಮೋಟಾರು ಬಂದಿತು. ಅದು ಯಾವ ಕಾರ್ಖಾನೆಯಲ್ಲಿಯೂ ಸಿದ್ಧವಾದುದಲ್ಲ. ಬಿಡಿಭಾಗಗಳ ಪೆಟ್ಟಿಗೆಗಳನ್ನು ತರಿಸಿಕೊಂಡು ಒಬ್ಬ ತರುಣನು ತನ್ನ ಮನೆಯ ಕೊಟ್ಟಿಗೆಯಲ್ಲಿ ಕೈಯಾರೆ ಕೂಡಿಸಿದುದು. ಅಂತಹ ವಾಹನವು ಒಂದು ರಾಜ್ಯದ ಎಲ್ಲೆಯನ್ನು ದಾಟಿ ಇನ್ನೊಂದು ರಾಜ್ಯಕ್ಕೆ ಬರುವ ಬಗೆ ಹೇಗೆ, ಬಂದ ಮೇಲೆ ಅದಕ್ಕೆ ಒದಗುವ ಗತಿ ಏನು ಎಂಬುದು ವಿದೇಶಗಳಲ್ಲಿ ಮಕ್ಕಳನ್ನುಳ್ಳ ಗೃಹಸ್ಥರಿಗೆ ತಿಳಿದಿರಬೇಕಾದ ವಿಷಯ. ನಾವು ಆ ಮೋಟಾರಿನಲ್ಲಿಯೇ ಧಾರವಾಡದಿಂದ ಹದಡಿಯವರೆಗೆ ಪ್ರಯಾಣಮಾಡಿದುದರಿಂದ, ದಾರಿಯ ವರ್ಣನೆಯನ್ನೂ ಈ ವಿಚಾರವನ್ನೂ ಒಟ್ಟಿಗೆ ಹೇಳುವುದು ಉಚಿತವೆಂದು ತೋರಿತು.

ಆ ತರುಣನು ನಮಗೆ ದೂರದ ಬಂಧು. ಅವನ ತಂದೆಯವರು ಹದಡಿಯವರು. ಹರಿಹರದ ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ತಮ್ಮ ದುಡಿಮೆಯ ಕಾಲವನ್ನೆಲ್ಲ ಕಳೆದವರು. ಮೈಸೂರು ಕಿರ್ಲೋಸ್ಕರ್ ಎಂಬ ಹೆಸರಿನಿಂದ ೧೯೪೧ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯು ಒಂದು ಕಾಲಕ್ಕೆ ದೇಶದ ನಾನಾ ಭಾಗಗಳಿಗೆ ಲೇತುಗಳನ್ನು ಕಳುಹಿಸುತ್ತಿದ್ದಿತು. ಈಗ ಅದು ನಿಂತುಹೋಗಿದೆ. ಆದರೆ ಅಲ್ಲಿ ಕಲಿತ ಕೈಗಳು ನಿಲ್ಲಲಿಲ್ಲ. ದಾವಣಗೆರೆ ಹರಿಹರಗಳ ಸಣ್ಣ ಕಮ್ಮಟಗಳಲ್ಲಿ ಅಲ್ಲಿ ತಯಾರಾದ ಲೇತುಗಳು ಇಂದಿಗೂ ತಿರುಗುತ್ತಿರುವುದನ್ನು ನೋಡಬಹುದು. ಅಂಗುಲದ ಸಾವಿರದಲ್ಲೊಂದು ಪಾಲು ಹೆಚ್ಚಾದರೂ ಕಡಮೆಯಾದರೂ ಕೆಲಸ ಕೆಟ್ಟಿತೆಂಬ ಶಿಕ್ಷಣದಲ್ಲಿ ಬೆಳೆದ ತಂದೆಯ ಮಗನಿಗೆ ಯಂತ್ರದ ಮೋಹ ಹತ್ತಿದುದು ಆಶ್ಚರ್ಯವಲ್ಲ. ಮಗನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಹೋದನು. ಉದ್ಯೋಗ ದೊರೆತು ಅಲ್ಲಿಯೇ ನೆಲಸಿದನು. ವಾರಕ್ಕೆರಡು ದಿನದ ಬಿಡುವಿನಲ್ಲಿ ಎರಡೂವರೆ ವರ್ಷಗಳ ಕಾಲ ದುಡಿದು ಈ ಮೋಟಾರನ್ನು ಕೂಡಿಸಿದನು.

ಆ ದೇಶದಲ್ಲಿ ಇದು ಹೊಸ ಪದ್ಧತಿಯಲ್ಲ. ೧೯೫೭ರಲ್ಲಿ ಲೋಟಸ್ ಎಂಬ ಸಂಸ್ಥೆಯವರು ಸೆವೆನ್ ಎಂಬ ಇಬ್ಬರು ಕೂರುವ ಬಯಲು ಮೋಟಾರನ್ನು ಬಿಡಿಭಾಗಗಳ ರೂಪದಲ್ಲಿಯೂ ಮಾರತೊಡಗಿದರು. ಸಿದ್ಧವಾದ ಮೋಟಾರಿಗೆ ಅಲ್ಲಿ ಖರೀದಿ ತೆರಿಗೆ ಇದ್ದಿತು. ಕೊಂಡವನು ತಾನೇ ಕೂಡಿಸಿಕೊಳ್ಳುವ ಭಾಗಗಳಿಗೆ ಆ ತೆರಿಗೆ ಇರಲಿಲ್ಲ. ಕೈಕೆಲಸದಲ್ಲಿ ಆಸಕ್ತಿಯುಳ್ಳ ಸಾಧಾರಣ ಸಂಬಳದವರಿಗೆ ಇದೊಂದು ವರವಾಯಿತು. ೧೯೭೩ರಲ್ಲಿ ತೆರಿಗೆಯ ಕ್ರಮವೇ ಬದಲಾಗಿ ಈ ಲಾಭ ಹೋಯಿತು. ಅದೇ ವರ್ಷ ಆ ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಸಂದಿತು. ಲಾಭ ಹೋದರೂ ಅಭಿರುಚಿ ಹೋಗಲಿಲ್ಲ. ಇಂದಿಗೂ ಅಲ್ಲಿ ಮನೆಯ ಕೊಟ್ಟಿಗೆಗಳಲ್ಲಿ ಮೋಟಾರನ್ನು ಕೂಡಿಸುವವರು ಬಹುಮಂದಿ. ಕೂಡಿಸಿದ ಮೇಲೆ ಸರ್ಕಾರದ ಪರೀಕ್ಷಕನು ಬಿರಿಯನ್ನೂ ದೀಪಗಳನ್ನೂ ಸದ್ದನ್ನೂ, ಹೊರಕ್ಕೆ ಚಾಚಿಕೊಂಡಿರುವ ಚೂಪು ಅಂಚುಗಳನ್ನೂ ಒಂದೊಂದಾಗಿ ನೋಡಿ ಒಪ್ಪಿದರೆ ಮಾತ್ರ ಅದು ಬೀದಿಗೆ ಇಳಿಯಬಹುದು. ಯಾವ ವರ್ಷದಲ್ಲಿ ಹುಟ್ಟಿತೆಂದು ನಿರ್ಣಯಿಸಲಾಗದ ವಾಹನಗಳಿಗೆ ಅಲ್ಲಿ ಕ್ಯೂ ಎಂಬ ಅಕ್ಷರದಿಂದ ಆರಂಭವಾಗುವ ನಂಬರನ್ನು ಕೊಡುವ ರೂಢಿಯುಂಟು. ನಮ್ಮ ತರುಣನ ಮೋಟಾರಿಗೂ ಅಂತಹ ನಂಬರೇ ದೊರೆತಿದ್ದಿತು; ಏಕೆಂದರೆ ಅದರ ಚೌಕಟ್ಟು ಹೊಸದು, ಇಂಜಿನು ಬೇರೊಂದು ಹಳೆಯ ಮೋಟಾರಿನದು, ಕೆಲವು ಬುಷ್ಷುಗಳು ಅವನೇ ಲೇತಿನಲ್ಲಿ ತಿರುವಿದವು.

ವಾಚಕರು ಇದನ್ನು ಪರದೇಶದವರ ವಿನೋದವೆಂದು ತಳ್ಳಿಬಿಡಬಾರದು. ಬಿಡಿಭಾಗಗಳಿಂದ ವಾಹನವನ್ನು ಕೂಡಿಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ನಮ್ಮ ಎತ್ತಿನ ಗಾಡಿಯನ್ನೇ ನೋಡಿರಿ. ಗುಂಭವನ್ನೂ ಅರಗಳನ್ನೂ ಬಡಗಿಯು ಮಾಡುವನು. ಕಬ್ಬಿಣದ ಪಟ್ಟೆಯನ್ನು ಕಮ್ಮಾರನು ಕಾಯಿಸಿ ಬಿಗಿಯುವನು. ನೊಗವನ್ನೂ ಹಗ್ಗವನ್ನೂ ಒಕ್ಕಲಿಗನು ತಾನೇ ಹೊಂದಿಸಿಕೊಳ್ಳುವನು. ದೇವರ ತೇರು ಸಹ ಹಾಗೆಯೇ. ಅಡ್ಡೆಯೂ ಗಾಲಿಗಳೂ ವರ್ಷವೆಲ್ಲ ಗುಡಿಯ ಮುಂದೆ ಬಿಸಿಲಿನಲ್ಲಿ ನಿಂತಿರುವುವು. ಜಾತ್ರೆಯು ಹತ್ತಿರ ಬಂದಾಗ ಬಿದಿರನ್ನು ಕಟ್ಟಿ, ಬಟ್ಟೆಗಳನ್ನು ಹೊದಿಸಿ, ಕಳಸವನ್ನಿಟ್ಟಾಗಲೇ ಅದು ತೇರೆನಿಸುವುದು. ಭಾಗವನ್ನು ಮಾಡುವವರು ಹಲವರು, ಕೂಡಿಸುವುದು ಊರು.

ದೊಡ್ಡ ಕೈಗಾರಿಕೆಗಳ ವಿಷಯದಲ್ಲಿಯೂ ಕನ್ನಡ ನಾಡಿನ ಅನುಭವವು ಇದೇ. ೧೯೪೦ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಿಂದ ಮೊದಲು ಹಾರಿದ ಹಾರ್ಲೋ ತರಬೇತಿ ವಿಮಾನಗಳು ಅಮೆರಿಕದಿಂದ ಭಾಗಭಾಗವಾಗಿ ಬಂದು ಇಲ್ಲಿ ಜೋಡಣೆಗೊಂಡವು. ಮೈಸೂರಿನ ಐಡಿಯಲ್ ಜಾವಾ ಸಂಸ್ಥೆಯವರು ೧೯೬೦ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯಾದಿಂದ ತರಿಸಿದ ಭಾಗಗಳನ್ನು ಕೂಡಿಸಿ ಮೋಟಾರು ಸೈಕಲ್ಲುಗಳನ್ನು ಹೊರಡಿಸಿದರು. ಕ್ರಮೇಣ ಭಾಗಗಳನ್ನೂ ತಾವೇ ಮಾಡಿಕೊಂಡು, ಯೆಜ್ದಿ ಎಂಬ ಹೆಸರಿನಿಂದ ಮಾರಿ, ೧೯೯೬ರಲ್ಲಿ ಕೆಲಸವನ್ನು ನಿಲ್ಲಿಸಿದರು. ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಇಂಗ್ಲೆಂಡಿನ ರಿಲಾಯಂಟ್ ಕಿಟನ್ ಎಂಬ ಮೋಟಾರಿನ ಮಾದರಿಯಲ್ಲಿ ಗಾಜಿನ ನಾರಿನ ಮೈಯುಳ್ಳ ಡಾಲ್ಫಿನ್ನನ್ನು ೧೯೮೦ರ ದಶಕದಲ್ಲಿ ಮಾಡಿದರು. ೧೯೯೦ರ ದಶಕದಲ್ಲಿ ರೋವರ್ ಮಾಂಟೆಗೋ ಎಂಬ ಮೋಟಾರನ್ನು ಬಿಡಿಭಾಗಗಳಾಗಿ ತರಿಸಿ ಕೂಡಿಸಿದರು. ಕೂಡಿಸುತ್ತ ಕೂಡಿಸುತ್ತಲೇ ಮಾಡುವುದನ್ನು ಕಲಿಯುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ಕ್ರಮ. ಭೇದವೆಂದರೆ ಇಷ್ಟೇ: ಸಂಸ್ಥೆಗಳಿಗೆ ಅಪ್ಪಣೆಯೂ ರಹದಾರಿಯೂ ಮೊದಲೇ ಇದ್ದುವು, ಕೊಟ್ಟಿಗೆಯಲ್ಲಿ ಕೂಡಿಸಿದವನಿಗೆ ಅವು ಇಲ್ಲ.

ತಂದೆಯವರಿಗೆ ವಯಸ್ಸಾಗಿದ್ದಿತು, ಸಮುದ್ರವನ್ನು ದಾಟಿ ಮಗನಲ್ಲಿಗೆ ಹೋಗಲು ವೈದ್ಯರ ಸಮ್ಮತಿಯಿರಲಿಲ್ಲ. ಆದುದರಿಂದ ಮೋಟಾರನ್ನೇ ಅವರಲ್ಲಿಗೆ ತರಬೇಕೆಂದು ಮಗನು ನಿಶ್ಚಯಿಸಿ ನಮಗೆ ಕಾಗದ ಬರೆದನು. ಅವನ ಮುಂದೆ ಮೂರು ದಾರಿಗಳಿದ್ದುವು.

ಮೊದಲನೆಯದು, ಮೋಟಾರನ್ನು ಶಾಶ್ವತವಾಗಿ ತರುವುದು. ಬಳಸಿದ ವಾಹನವು ನಮ್ಮ ದೇಶದೊಳಕ್ಕೆ ಬರಬೇಕಾದರೆ ಅದು ತಯಾರಾಗಿ ಮೂರು ವರ್ಷಗಳಿಗಿಂತ ಹೆಚ್ಚು ಕಾಲ ಆಗಿರಬಾರದು. ಅದರ ಚಾಲನಚಕ್ರವು ಬಲಗಡೆ ಇರಬೇಕು. ಮುಂಬಯಿಯ ಬಂದರಿನಿಂದಲೇ ಬರಬೇಕು. ನಮ್ಮ ಮೋಟಾರು ನಿಯಮಗಳಿಗೆ ಒಪ್ಪುವುದೆಂಬ ಪರೀಕ್ಷಾಪತ್ರವೂ ಬೇಕು. ಸುಂಕವು ಎಷ್ಟೋ ವೇಳೆ ಬೆಲೆಯನ್ನೇ ಮೀರುವುದು. ಹುಟ್ಟಿದ ವರ್ಷವನ್ನೇ ನಿರ್ಣಯಿಸಲಾಗದೆ ಕ್ಯೂ ಎಂಬ ಅಕ್ಷರವನ್ನು ಹೊತ್ತ ಮೋಟಾರು ಮೂರು ವರ್ಷದೊಳಗಿನದೆಂದು ಯಾರು ಬರೆದುಕೊಡುವರು? ಈ ಬಾಗಿಲು ಮುಚ್ಚಿದಂತೆಯೇ.

ಎರಡನೆಯದು, ಬಿಚ್ಚಿ ತರುವುದು. ಕೂಡಿಸಿದುದನ್ನು ಮತ್ತೆ ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ ಬಿಡಿಭಾಗಗಳೆಂದು ತಂದರೆ ಆಗದೇ ಎಂದು ಅನೇಕರು ಬುದ್ಧಿ ಹೇಳಿದರು. ಆದರೆ ಸುಂಕದವರು ಇದನ್ನು ಮುಂಚೆಯೇ ಯೋಚಿಸಿದ್ದಾರೆ. ೧೯೭೫ರ ಸುಂಕದ ಪಟ್ಟಿಯ ಕಾನೂನಿನ ಜೊತೆಯಲ್ಲಿ ಅದನ್ನು ಅರ್ಥಮಾಡುವ ಸೂತ್ರಗಳುಂಟು. ಅವುಗಳಲ್ಲಿ ಎರಡನೆಯ ಸೂತ್ರದ ಅಭಿಪ್ರಾಯವೇನೆಂದರೆ, ಬಿಚ್ಚಿಟ್ಟ ವಸ್ತುವೂ ಅಪೂರ್ಣವಾದ ವಸ್ತುವೂ ಪೂರ್ಣವಸ್ತುವಿನ ಮುಖ್ಯ ಲಕ್ಷಣವನ್ನು ಹೊಂದಿದ್ದರೆ ಪೂರ್ಣವಸ್ತುವೆಂದೇ ಎಣಿಸಲ್ಪಡತಕ್ಕುದು. ನಾಲ್ಕು ಪೆಟ್ಟಿಗೆಗಳಲ್ಲಿ ಬಂದರೂ ಮೋಟಾರು ಮೋಟಾರೇ. ಬಂದ ಮೇಲೆ ಕೂಡಿಸಿದರೂ, ಒಬ್ಬ ಗೃಹಸ್ಥನು ಮನೆಯಲ್ಲಿ ಕೂಡಿಸಿದ ಒಂಟಿ ವಾಹನಕ್ಕೆ ನೋಂದಣಿಯನ್ನು ಪಡೆಯುವ ಸುಲಭವಾದ ಮಾರ್ಗವು ನಮ್ಮಲ್ಲಿಲ್ಲ. ಮಾದರಿಯನ್ನು ಒಪ್ಪಿಸುವ ಕ್ರಮವೆಲ್ಲವೂ ಸಾವಿರಗಟ್ಟಲೆ ತಯಾರಿಸುವ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಏರ್ಪಟ್ಟಿದೆ.

ಮೂರನೆಯದು, ಅತಿಥಿಯಂತೆ ತರುವುದು. ೧೯೫೪ರಲ್ಲಿ ನ್ಯೂಯಾರ್ಕಿನಲ್ಲಿ ಅನೇಕ ರಾಷ್ಟ್ರಗಳು ಸೇರಿ ಮಾಡಿಕೊಂಡ ಒಡಂಬಡಿಕೆಯ ಪ್ರಕಾರ, ಪ್ರವಾಸಿಯು ತನ್ನ ಸ್ವಂತ ವಾಹನವನ್ನು ಸುಂಕವಿಲ್ಲದೆ ಪರದೇಶಕ್ಕೆ ಕೊಂಡೊಯ್ದು ನಿಯಮಿತ ಕಾಲದೊಳಗೆ ಮರಳಿ ತರಬಹುದು. ಇದಕ್ಕೆ ಕಾರ್ನೆ ಎಂಬ ಪುಸ್ತಕರೂಪದ ರಹದಾರಿ ಬೇಕು. ಅದನ್ನು ಅವನಿರುವ ದೇಶದ ವಾಹನಸಂಘದವರು ಭದ್ರತೆಯ ಹಣವನ್ನು ಪಡೆದು ಕೊಡುವರು. ಪುಸ್ತಕದ ಪ್ರತಿಯೊಂದು ಹಾಳೆಯಲ್ಲಿಯೂ ಮೂರು ತುಂಡುಗಳುಂಟು: ಒಳಕ್ಕೆ ಬರುವಾಗ ಸುಂಕದವರು ಹರಿದಿಟ್ಟುಕೊಳ್ಳುವುದೊಂದು, ಹೊರಕ್ಕೆ ಹೋಗುವಾಗ ಹರಿದಿಟ್ಟುಕೊಳ್ಳುವುದೊಂದು, ಎರಡು ಮುದ್ರೆಗಳನ್ನೂ ಹೊತ್ತು ಪುಸ್ತಕದಲ್ಲಿಯೇ ಉಳಿಯುವುದೊಂದು. ಪುಸ್ತಕವು ಒಂದು ವರ್ಷ ಸಲ್ಲುವುದು. ನಮ್ಮ ದೇಶದಲ್ಲಿ ವಾಹನಕ್ಕೆ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅವಕಾಶ. ೨೦೨೨ರಲ್ಲಿ ಭಾರತ ಸರ್ಕಾರದವರು ಹೊರಡಿಸಿದ ನಿಯಮಗಳಂತೆ ನೋಂದಣಿಯ ಪತ್ರ, ಚಾಲಕನ ರಹದಾರಿ, ವಿಮಾಪತ್ರ, ಹೊಗೆಯ ಪರೀಕ್ಷೆಯ ಪತ್ರ ಇವೆಲ್ಲವೂ ಜೊತೆಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾದ ತತ್ತ್ವವೊಂದುಂಟು: ಇಂತಹ ವಾಹನವನ್ನು ಮಾರಕೂಡದು, ಬಾಡಿಗೆಗೆ ಬಿಡಕೂಡದು, ಇಲ್ಲಿಯ ನಿವಾಸಿಯ ಕೈಗೆ ಓಡಿಸಲು ಒಪ್ಪಿಸಕೂಡದು. ಅತಿಥಿಯು ಬಂದಂತೆಯೇ ಹೊರಟುಹೋಗಬೇಕು.

ತರುಣನು ಈ ಮೂರನೆಯ ದಾರಿಯನ್ನು ಹಿಡಿದನು. ಮೋಟಾರು ಹಡಗಿನಲ್ಲಿ ಮುಂಬಯಿಗೆ ಬಂದು, ಕಾಗದಗಳ ಪರಿಶೀಲನೆ ಮುಗಿಯುವವರೆಗೆ ಕೆಲವು ದಿವಸ ಬಂದರಿನಲ್ಲಿ ಕಾದಿದ್ದು, ಪುಣೆ ಕೊಲ್ಲಾಪುರ ಬೆಳಗಾವಿಗಳ ಮಾರ್ಗವಾಗಿ ಧಾರವಾಡಕ್ಕೆ ಬಂದಿತು. ಅಲ್ಲಿ ನಾವು ಎಡಗಡೆಯ ಆಸನವನ್ನು ಅಲಂಕರಿಸಿದೆವು. ಅಲಂಕರಿಸಿದೆವೆಂಬುದು ಮಾತಿಗೆ ಮಾತ್ರ. ಆಸನವು ನೆಲದಿಂದ ಒಂದು ಗೇಣಿನಷ್ಟು ಎತ್ತರದಲ್ಲಿದ್ದುದರಿಂದ ಅದರೊಳಕ್ಕೆ ಇಳಿಯಬೇಕೇ ಹೊರತು ಏರುವಂತಿರಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳ ಗಾಲಿಗಳೇ ನಮ್ಮ ಕಣ್ಣಿನ ಸಮಕ್ಕೆ ತಿರುಗುತ್ತಿದ್ದುವು. ಹುಬ್ಬಳ್ಳಿಯನ್ನು ಬಿಟ್ಟ ಮೇಲೆ ಎರೆಯ ನೆಲವು ಎರಡು ಕಡೆಯೂ ಹಾಸಿಕೊಂಡಿರುವುದು. ಹಾವೇರಿಯಲ್ಲಿ ಏಲಕ್ಕಿಯ ಹಾರಗಳನ್ನು ಕಟ್ಟುವವರ ಕೌಶಲವನ್ನು ಕೇಳದವರಿಲ್ಲ. ರಾಣೆಬೆನ್ನೂರಿನ ಸೀಮೆಯ ಕುರುಚಲು ಕಾಡು ಕೃಷ್ಣಮೃಗಗಳ ನೆಲೆ. ಅಲ್ಲಿಂದ ಮುಂದೆ ಕುಮಾರಪಟ್ಟಣದ ಕಾರ್ಖಾನೆಗಳ ಚಿಮಣಿಗಳು ಕಾಣಿಸಿದೊಡನೆ ತುಂಗಭದ್ರೆಯು ಹತ್ತಿರವಾಯಿತೆಂದು ತಿಳಿಯಬೇಕು.

ಈ ಹೊಳೆಯ ಬಳಿಯಲ್ಲಿ ನಾವು ಮೋಟಾರನ್ನು ನಿಲ್ಲಿಸಿದೆವು. ನೋಡತಕ್ಕ ಸ್ಥಳವಿದು. ಹರಿಹರದ ಹಳೆಯ ಸೇತುವೆಯು ೧೮೬೮ರಲ್ಲಿ ಮುಗಿದುದು; ಅರವತ್ತು ಅಡಿಗಳ ಅಗಲದ ಹದಿನಾಲ್ಕು ಕಮಾನುಗಳನ್ನು ಕಲ್ಲು ಇಟ್ಟಿಗೆಗಳಿಂದ ಕಟ್ಟಿ, ಸುಮಾರು ಮೂರೂವರೆ ಲಕ್ಷ ರೂಪಾಯಿಗಳ ವೆಚ್ಚದಲ್ಲಿ, ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ನಿರ್ಮಿಸಿದರು. ಆ ಕಾಲದಲ್ಲಿ ಇದು ಕೇವಲ ಹೊಳೆಯಾಗಿರಲಿಲ್ಲ, ಎಲ್ಲೆಯಾಗಿದ್ದಿತು. ಈ ದಡವು ಮೈಸೂರು ಸಂಸ್ಥಾನ, ಆ ದಡವು ಮುಂಬಯಿ ಪ್ರಾಂತ. ಸ್ವಲ್ಪ ಕೆಳಗಡೆ ಹರಪನಹಳ್ಳಿಯ ಸೀಮೆಯು ಮದರಾಸಿನದು. ಒಂದೇ ನೀರನ್ನು ಕುಡಿದು, ಒಂದೇ ಭಾಷೆಯನ್ನಾಡಿ, ಹೆಣ್ಣು ಕೊಟ್ಟು ತಂದುಕೊಳ್ಳುತ್ತಿದ್ದ ಜನರು ಮೂರು ಸರ್ಕಾರಗಳ ಪ್ರಜೆಗಳಾಗಿದ್ದರು. ಶಾಲೆಯ ಪುಸ್ತಕಗಳು ಬೇರೆ, ಕಾನೂನು ಬೇರೆ, ಅಧಿಕಾರಿಗಳು ಬೇರೆ. ೧೯೫೩ರಲ್ಲಿ ಬಳ್ಳಾರಿಯ ಭಾಗವೂ, ೧೯೫೬ರ ನವೆಂಬರ್ ೧ರಂದು ಧಾರವಾಡದ ಭಾಗವೂ ಮೈಸೂರಿಗೆ ಸೇರಿದ ಮೇಲೆ ಈ ಎಲ್ಲೆಯು ಅಳಿಸಿಹೋಯಿತು. ಹೊಳೆಯು ಮಾತ್ರ ಎಂದಿನಂತೆ ಹರಿಯುತ್ತಲಿದೆ. ಈಗ ಅದನ್ನು ದಾಟಿದವನಿಗೆ ಕಾಣುವ ಭೇದವು ವಾಹನಗಳ ನಂಬರಿನ ಹಲಗೆಯಲ್ಲಿ ಮಾತ್ರ: ಆಚೆ ಹಾವೇರಿಯ ೨೭, ರಾಣೆಬೆನ್ನೂರಿನ ೬೮, ಈಚೆ ದಾವಣಗೆರೆಯ ೧೭. ಅವುಗಳ ಮಧ್ಯೆ ಕ್ಯೂ ಎಂಬ ಅಕ್ಷರವನ್ನು ಹೊತ್ತ ನಮ್ಮ ಮೋಟಾರನ್ನು ನೋಡಲು ಹುಡುಗರು ಗುಂಪುಗೂಡಿದರು.

ಹರಿಹರೇಶ್ವರನ ದೇವಾಲಯವು ಪೇಟೆಯೊಳಗಿದೆ. ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿಯಾದ ಪೋಲಾಳ್ವ ದಂಡನಾಥನು ೧೨೨೪ರ ಸುಮಾರಿನಲ್ಲಿ ಇದನ್ನು ಕಟ್ಟಿಸಿದನು. ನುಣುಪಾದ ಕಂಬಗಳುಳ್ಳ ವಿಶಾಲವಾದ ಮುಖಮಂಟಪದಲ್ಲಿ ಮಧ್ಯಾಹ್ನದಲ್ಲಿಯೂ ತಂಪಿರುವುದು. ಗರ್ಭಗೃಹದ ಮೂರ್ತಿಯಲ್ಲಿ ಒಂದು ಅರ್ಧ ಶಿವ, ಇನ್ನೊಂದು ಅರ್ಧ ವಿಷ್ಣು. ಎರಡು ಮತಗಳವರು ತಮ್ಮ ತಮ್ಮ ಎಲ್ಲೆಗಳನ್ನು ಬಿಗಿಮಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಎರಡು ಅರ್ಧಗಳನ್ನು ಕೂಡಿಸಿ ಒಂದೇ ದೇವರೆಂದು ಪ್ರತಿಷ್ಠಿಸಿದ ಊರು ಮುಂದೆ ಎರಡು ಸರ್ಕಾರಗಳ ಗಡಿಯ ಊರಾಗಿ, ಮತ್ತೆ ಗಡಿಯಿಲ್ಲದ ಊರಾಯಿತೆಂಬುದು ನಮಗೆ ಅರ್ಥವತ್ತಾಗಿ ತೋರಿತು. ತರುಣನು ಮೋಟಾರಿನ ಬೀಗದಕೈಯನ್ನು ದೇವರ ಮುಂದಿಟ್ಟು ಪೂಜೆಮಾಡಿಸಿದನು.

ಹರಿಹರದಿಂದ ದಾವಣಗೆರೆಗೆ ಸುಮಾರು ಹದಿನಾಲ್ಕು ಕಿಲೋಮೀಟರುಗಳು. ೧೯೯೭ರ ಆಗಸ್ಟ್ ೧೫ರಿಂದ ಇದು ಜಿಲ್ಲೆಯ ಮುಖ್ಯಪಟ್ಟಣ; ಹಿಂದೆ ಚಿತ್ರದುರ್ಗಕ್ಕೆ ಸೇರಿದ್ದಿತು. ಅರಳೆಯ ಮಂಡಿಗಳಿಂದಲೂ ಗಿರಣಿಗಳಿಂದಲೂ ಹೆಸರಾಗಿದ್ದ ಈ ಪಟ್ಟಣವು ಈಗ ವಿದ್ಯಾಲಯಗಳಿಂದಲೂ ಬೆಣ್ಣೆದೋಸೆಯಿಂದಲೂ ಹೆಸರಾಗಿದೆ. ದೋಸೆಯನ್ನು ತಿನ್ನದೆ ಮುಂದಕ್ಕೆ ಹೋದೆವೆಂದರೆ ವಾಚಕರು ನಂಬಲಾರರು, ಹೋಗಲಿಲ್ಲ. ಹದಡಿ ರಸ್ತೆಗೆ ಹೊರಳಿದ ಮೇಲೆ ಸರಸವಾದ ಒಂದು ಕಷ್ಟವೊದಗಿತು. ರಸ್ತೆಯುಬ್ಬುಗಳು ಬಂದಾಗಲೆಲ್ಲ ಮೋಟಾರಿನ ಹೊಟ್ಟೆಯು ನೆಲವನ್ನು ಮುಟ್ಟುವಂತಾಗುತ್ತಿದ್ದುದರಿಂದ ನಾವು ಇಳಿದು ನಡೆಯಬೇಕಾಯಿತು. ಏಳು ಸಮುದ್ರಗಳನ್ನು ದಾಟಿದವನಿಗೆ ಊರ ಮುಂದಿನ ದಿಬ್ಬ ದೊಡ್ಡದಾಯಿತೆಂದು ದಾರಿಹೋಕರೊಬ್ಬರು ನಕ್ಕರು.

ತಂದೆಯವರು ಮನೆಯ ಜಗುಲಿಯಲ್ಲಿ ಕಾದಿದ್ದರು. ಅವರು ಮೋಟಾರಿನ ಬಣ್ಣವನ್ನು ನೋಡಲಿಲ್ಲ. ಮುಂಭಾಗದ ಮುಚ್ಚಳವನ್ನು ತೆಗೆಯಿಸಿ, ಕನ್ನಡಕವನ್ನು ಹಾಕಿಕೊಂಡು, ಬಗ್ಗಿ ಬಹಳ ಹೊತ್ತು ನೋಡಿದರು. ತೂಗುಕಟ್ಟಿನ ಒಂದು ಬುಷ್ಷಿನ ಮೇಲೆ ಹೆಬ್ಬೆರಳನ್ನು ಆಡಿಸಿ, "ಇದನ್ನು ಕೊಂಡು ತಂದೆಯೋ, ತಿರುವಿದೆಯೋ?" ಎಂದು ಕೇಳಿದರು. ತಿರುವಿದುದೆಂದು ಮಗನು ಹೇಳಿದನು. "ಕೈ ಬಂದಿದೆ" ಎಂದರು. ಬಹುಮಾನಪತ್ರಗಳಲ್ಲಿಯೂ ಅಷ್ಟು ತೂಕವಾದ ಮಾತನ್ನು ನಾವು ಓದಿಲ್ಲ.

ಮುಂದಿನ ತಿಂಗಳುಗಳಲ್ಲಿ ತಂದೆಯೂ ಮಗನೂ ಅದರಲ್ಲಿ ಸಂತೆಬೆನ್ನೂರಿನ ಪುಷ್ಕರಣಿಗೂ, ಸೂಳೆಕೆರೆಯ ಏರಿಗೂ, ಹರಿಹರಕ್ಕೂ ಹೋಗಿಬಂದರು. ಪ್ರತಿಸಲವೂ ಮಗನೇ ಓಡಿಸುವನು. ತಂದೆಯವರು ಎಡಗಡೆಯಲ್ಲಿ ಕೂರುವರು. ಲೇತು ಟ್ರಾಕ್ಟರುಗಳನ್ನೆಲ್ಲ ಆಡಿಸಿದ ಆ ಕೈಗಳಿಗೆ ಮಗನ ಮೋಟಾರಿನ ಚಾಲನಚಕ್ರ ನಿಷಿದ್ಧವಾಗಿದ್ದಿತು. ಒಂದು ಸಂಜೆ ಮಾತ್ರ, ಇಂಜಿನನ್ನು ನಿಲ್ಲಿಸಿ ಕಣದಲ್ಲಿ ಬಿಟ್ಟಿದ್ದಾಗ, ಅವರು ಬಲಗಡೆಯ ಆಸನಕ್ಕಿಳಿದು ಚಕ್ರವನ್ನು ಹಿಡಿದು ಸುಮ್ಮನೆ ಕುಳಿತಿದ್ದುದನ್ನು ಮನೆಯವರು ಕಂಡರು.

ಐದನೆಯ ತಿಂಗಳು ಬಂದಾಗ ಮನೆಯಲ್ಲಿ ಚರ್ಚೆ ಹುಟ್ಟಿತು. ಮರಳಿ ಕಳುಹಿಸುವುದೇಕೆ? ದನದ ಕೊಟ್ಟಿಗೆಯಲ್ಲಿಟ್ಟು ಮೇಲೆ ಹುಲ್ಲು ಹೊದಿಸಿದರೆ ಹದಡಿಗೆ ಬಂದು ನೋಡುವವರಾರು? ಭದ್ರತೆಯ ಹಣ ಹೋದರೆ ಹೋಗಲಿ, ಮುದುಕರ ಕಣ್ಣ ಮುಂದೆ ಇರಲಿ ಎಂದು ಪ್ರೀತಿಯಿಂದಲೇ ಕೆಲವರು ನುಡಿದರು. ಮಗನ ಮನಸ್ಸೂ ತೂಗಾಡಿತು; ಮತ್ತೆ ತಾನು ಬರುವ ವೇಳೆಗೆ ತಂದೆಯವರು ಹೇಗಿರುವರೋ ಎಂಬ ಶಂಕೆಯು ಅವನನ್ನು ಬಾಧಿಸುತ್ತಿದ್ದಿತು. ಇಲ್ಲಿ ವಾಚಕರು ತಮ್ಮನ್ನೇ ಆ ಸ್ಥಾನದಲ್ಲಿಟ್ಟು ಯೋಚಿಸಬೇಕು. ನಿಯಮವನ್ನು ಮೀರಿದರೆ ರಹದಾರಿಯ ಪುಸ್ತಕಕ್ಕೆ ಹೊರಹೋದ ಮುದ್ರೆ ಬೀಳುವುದಿಲ್ಲ. ಸುಂಕದವರು ವಾಹನಸಂಘದವರನ್ನು ಕೇಳುವರು. ಹೊಣೆಗೆ ನಿಂತವರು ನಂಬಿಕೆಯನ್ನು ಕಳೆದುಕೊಳ್ಳುವರು. ಮುಂದೆ ಇದೇ ಬಾಗಿಲಿನಿಂದ ಬರಬೇಕೆನ್ನುವವರಿಗೆ ಬಾಗಿಲು ಕಿರಿದಾಗುವುದು. ಅಡಗಿಸಿಟ್ಟ ಮೋಟಾರಾದರೂ ಬೀದಿಗೆ ಇಳಿಯಲಾರದೆ ತುಕ್ಕು ಹಿಡಿಯುವುದು.

ತೀರ್ಮಾನವನ್ನು ತಂದೆಯವರೇ ಹೇಳಿದರು. "ಅಳತೆ ಅಂದರೆ ಅಳತೆ. ಸಾವಿರದಲ್ಲೊಂದು ಪಾಲು ಯಾರಿಗೆ ಕಾಣುತ್ತದೆಂದು ಬಿಟ್ಟಿದ್ದರೆ, ನಾವು ಮಾಡಿದ ಲೇತು ಇಂದಿಗೂ ತಿರುಗುತ್ತಿರಲಿಲ್ಲ. ಆರು ತಿಂಗಳೆಂದು ಬರೆದುಕೊಟ್ಟಿದ್ದೀಯೆ. ಆರು ತಿಂಗಳೊಳಗೆ ಹೋಗಲಿ." ಅಲ್ಲಿಗೆ ಚರ್ಚೆ ಮುಗಿಯಿತು.

ಆದರೆ ಹೊರಡುವ ವಾರದಲ್ಲಿ ಅವರು ದಾವಣಗೆರೆಯ ಒಂದು ಸಣ್ಣ ಕಮ್ಮಟಕ್ಕೆ ಹೋಗಿ, ಅಲ್ಲಿಯ ಹರಿಹರದ ಹಳೆಯ ಲೇತಿನ ಮುಂದೆ, ಬಹುಕಾಲದ ಮೇಲೆ ನಿಂತರು. ಕೈ ನಡುಗುತ್ತಿದ್ದಿತೆಂದು ಕಮ್ಮಟದವರು ಹೇಳಿದರು. ಉಳಿಯು ಲೋಹಕ್ಕೆ ತಾಗಿದೊಡನೆ ನಡುಕವು ನಿಂತಿತೆಂದೂ ಹೇಳಿದರು. ಹಿತ್ತಾಳೆಯ ಒಂದು ಗುಂಡನ್ನು ತಿರುವಿ, ಉಜ್ಜಿ, ಗೇರಿನ ಕೋಲಿನ ತುದಿಗೆ ಹೊಂದುವಂತೆ ಸುತ್ತನ್ನು ಕೊರೆದು ತಂದು ಮಗನ ಕೈಯಲ್ಲಿಟ್ಟರು. ಅದು ಒಂದು ಸಲಕ್ಕೇ ಸರಿಯಾಗಿ ಕುಳಿತಿತು. ಮೋಟಾರು ಹೊಳೆಯನ್ನು ದಾಟಿ, ಮುಂಬಯಿಯನ್ನು ಸೇರಿ, ಪುಸ್ತಕದಲ್ಲಿ ಎರಡನೆಯ ಮುದ್ರೆಯನ್ನು ಪಡೆದು ಹಡಗನ್ನೇರಿತು. ಭದ್ರತೆಯ ಹಣವೂ ಕಾಲಕ್ರಮದಲ್ಲಿ ಮರಳಿ ಬಂದಿತು.

ಗಡಿಗಳನ್ನು ಮನುಷ್ಯರು ಎಳೆಯುವರು, ಮನುಷ್ಯರೇ ಅಳಿಸುವರು. ತುಂಗಭದ್ರೆಯ ಮೇಲಿನ ಗಡಿಯು ಹೋಗುವುದೆಂದು ನಮ್ಮ ಹಿರಿಯರಲ್ಲಿ ನಂಬಿದವರು ಮೊದಮೊದಲು ಕೆಲವರೇ; ಆದರೂ ಅವರು ಹೊಳೆಯನ್ನು ಕದ್ದು ದಾಟಲಿಲ್ಲ, ಕೇಳಿ ಪಡೆದರು. ಕೈಯಾರೆ ಒಂದು ವಾಹನವನ್ನು ಕೂಡಿಸಿದ ಗೃಹಸ್ಥನಿಗೂ, ಪರೀಕ್ಷಕನೆದುರು ಅದನ್ನು ನಿಲ್ಲಿಸಿ ಸರಿಯೆನಿಸಿಕೊಂಡು ಬೀದಿಗೆ ಇಳಿಸುವ ಹಕ್ಕು ನಮ್ಮ ದೇಶದಲ್ಲಿಯೂ ಒಂದು ದಿನ ಸುಲಭವಾಗಿ ದೊರೆಯಬೇಕೆಂದು ಕೇಳುವುದು ಅನ್ಯಾಯವಲ್ಲ. ಲೇತುಗಳನ್ನು ಮಾಡಿದ ಊರಿನವರು ಅದನ್ನು ಕೇಳದಿದ್ದರೆ ಇನ್ನಾರು ಕೇಳಬೇಕು? ಅಲ್ಲಿಯವರೆಗೆ, ವಿದೇಶದಲ್ಲಿರುವ ಮಕ್ಕಳಿಂದ ಇಂತಹ ಕಾಗದ ಬಂದರೆ, ಮೊದಲು ರಹದಾರಿಯನ್ನೂ ತಿಂಗಳುಗಳ ಲೆಕ್ಕವನ್ನೂ ಸರಿಯಾಗಿ ವಿಚಾರಿಸಿಕೊಂಡು, ಅನಂತರ ಹಡಗಿನ ಕೂಲಿಯನ್ನು ಕ


ಟ್ಟುವುದು ಲೇಸು. ಇಂಗ್ಲೆಂಡಿನ ಯಾವುದೋ ಒಂದು ಬೀದಿಯಲ್ಲಿ ಈಗ ಪ್ರತಿದಿನವೂ ಹಿತ್ತಾಳೆಯ ಗುಂಡೊಂದು ಮಗನ ಅಂಗೈಯಲ್ಲಿ ಬೆಚ್ಚಗಾಗುತ್ತಿರುವುದು. ಅದಕ್ಕೆ ಯಾವ ಸುಂಕದ ಕಟ್ಟೆಯವರೂ ಲೆಕ್ಕ ಕೇಳಲಿಲ್ಲ.